ನೀರಿನ ಮೇಲೆ ನಿಲ್ಲಲು ಕಲಿಯಬೇಕೇ?

ಬೇಸಿಗೆ ಮತ್ತು ದೀಪಾವಳಿಯ ರಜೆಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ನೌಕರವರ್ಗದವರೂ ವ್ಯಾಪಾರಸ್ಥರೂ ಮಕ್ಕಳುಮರಿಗಳೊಡನೆ ಕರಾವಳಿಗೆ ಹೋಗಿಬರುವ ರೂಢಿಯು ಈಗ ಚೆನ್ನಾಗಿ ಬೇರೂರಿರುವದು. ಹಿಂದೆ ಈ ಪ್ರವಾಸವು ಉಡುಪಿ, ಗೋಕರ್ಣ, ಧರ್ಮಸ್ಥಳಗಳ ದೇವದರ್ಶನದೊಡನೆ ಮುಗಿಯುತ್ತಿತ್ತು. ಸಮುದ್ರವನ್ನು ದಂಡೆಯಲ್ಲಿ ನಿಂತು ನೋಡಿ, ಮೊಣಕಾಲವರೆಗೆ ತೊಯ್ಸಿಕೊಂಡು ಮರಳುವದೇ ಕ್ರಮವಾಗಿತ್ತು. ಈಗ ಹಾಗಿಲ್ಲ. ಅಲ್ಲಿಯ ಹೊಳೆಗಳ ಅಳಿವೆಗಳಲ್ಲಿ ಜನರು ಉದ್ದನೆಯ ಹಲಗೆಯ ಮೇಲೆ ನೆಟ್ಟಗೆ ನಿಂತು, ಕೈಯಲ್ಲಿ ಹುಟ್ಟು ಹಿಡಿದು, ನೀರನ್ನು ಹಿಂದಕ್ಕೆ ತಳ್ಳುತ್ತ ಸಾಗುವದನ್ನು ನಮ್ಮವರು ಕಾಣುತ್ತಿರುವರು. 'ಸ್ಟ್ಯಾಂಡ್-ಅಪ್ ಪ್ಯಾಡಲ್ ಬೋರ್ಡಿಂಗ್' ಎಂಬುದು ಇದರ ಹೆಸರು. ಮೊದಲಿಗರಿಗೆ ಪಾಠ ಹೇಳಿಕೊಡುವವರೂ ಅಲ್ಲಿಯೇ ಇರುವರು. ಹೀಗಾಗಿ 'ನಾವೂ ಕಲಿಯೋಣವೇ?' ಎಂಬ ಪ್ರಶ್ನೆಯು ಮಕ್ಕಳ ಬಾಯಿಂದ ಹೊರಟು ಹಿರಿಯರ ಮುಂದೆ ನಿಲ್ಲುವದು. ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿ, 'ಮುಂದಿನ ವರುಷ ನೋಡೋಣ' ಎನ್ನುವರು.

ಇದು ಕ್ಷುಲ್ಲಕವಾದ ಪ್ರಶ್ನೆಯೆಂದು ಕೆಲವು ವಾಚಕರಿಗೆ ತೋರಬಹುದು. ಬರ, ಬೆಳೆವಿಮೆ, ಪುನರ್ವಸತಿಗಳ ಮಾತು ಇರುವಲ್ಲಿ ಹಲಗೆಯಾಟದ ವಿಚಾರವೇಕೆಂದು ಅವರು ಕೇಳಿಯಾರು. ಆದರೆ ನಮ್ಮ ನಾಲ್ಕು ತಾಲೂಕುಗಳ ಮಟ್ಟಿಗೆ ಈ ಸಣ್ಣ ಪ್ರಶ್ನೆಯ ಹಿಂದೆ ದೊಡ್ಡದೊಂದು ಪ್ರಶ್ನೆಯು ಅಡಗಿದೆ. ನಾವು ನೀರಿನ ನೆರೆಯಲ್ಲಿ ಬಾಳುತ್ತಿರುವೆವು. ನೀರು ನಮಗೆ ಪರಿಚಿತವೇ? ಈ ದೊಡ್ಡ ಪ್ರಶ್ನೆಗೆ ಉತ್ತರ ಹುಡುಕದೆ ಆ ಸಣ್ಣ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಬರುವದಿಲ್ಲ.

ನಮ್ಮ ನಾಡು ಮಳೆಗೆ ಬಾಯ್ದೆರೆದ ನಾಡು. ವರುಷದ ಮಳೆಯು ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿ ತೂಗಾಡುವದು. ಡೋಣಿ ಹರಿದರೆ ಓಣಿಗೆಲ್ಲ ಕಾಳು ಬರುವದೆಂದು ಹಿರಿಯರು ಹೇಳುತ್ತ ಬಂದದ್ದು ಹರಿಯದ ವರುಷಗಳ ಅನುಭವದಿಂದಲೇ. ಉತ್ತರಕ್ಕೆ ಇಂಡಿ ಸಿಂದಗಿಗಳ ಗಡಿಯಲ್ಲಿ ಭೀಮೆ, ದಕ್ಷಿಣಕ್ಕೆ ಬಾಗೇವಾಡಿ ಮುದ್ದೇಬಿಹಾಳಗಳ ಅಂಚಿನಲ್ಲಿ ಕೃಷ್ಣೆ ಹರಿಯುತ್ತಿದ್ದರೂ ನಡುವಣ ಎರೆಭೂಮಿಯು ಒಣಗಿಯೇ ಇತ್ತು. ಸನ್ 1964ನೆಯ ಮೇ 22ರಂದು ಲಾಲ ಬಹಾದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಆ ಬಳಿಕ ಸುಮಾರು ನಾಲ್ಕು ದಶಕಗಳ ಕಾಲ ಕೆಲಸವು ಕುಂಟುತ್ತ ನಡೆದು, ಸನ್ 2006ನೆಯ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರು ಆ ಜಲಾಶಯವನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಈಗ 519.6 ಮೀಟರಿನ ಮಟ್ಟದವರೆಗೆ ತುಂಬಿದಾಗ ಅದರಲ್ಲಿ 123 ಟಿಎಂಸಿಯಷ್ಟು ನೀರು ನಿಲ್ಲುವದು. ಅದರ ಕೆಳಗೆ ನಾರಾಯಣಪುರದ ಬಸವಸಾಗರದ ಹಿನ್ನೀರು ಮುದ್ದೇಬಿಹಾಳದ ದಂಡೆಗುಂಟ ಹರಡಿರುವದು. ಇಂಡಿ ಶಾಖಾ ಕಾಲುವೆಯೂ ಮುಳವಾಡ ಚಿಮ್ಮಲಗಿಗಳ ಏತ ನೀರಾವರಿಯ ಕಾಲುವೆಗಳೂ ನಮ್ಮ ಹೊಲಗಳ ನಡುವೆ ಹಾದುಹೋಗಿರುವವು. ಕೊಡ ನೀರಿಗಾಗಿ ಹರದಾರಿ ನಡೆದವರ ಮೊಮ್ಮಕ್ಕಳು ಕೊರ್ತಿ–ಕೊಲ್ಹಾರದ ಸೇತುವೆಯ ಮೇಲೆ ನಿಂತು ನೋಡಿದರೆ ಎರಡೂ ಕಡೆಗೆ ಸಮುದ್ರದಂತೆ ನೀರು ಕಾಣುವದು.

ಈ ನೀರು ಬಿಟ್ಟಿಯಾಗಿ ಬಂದುದಲ್ಲ. ಹಳೆಯ ಕೊಲ್ಹಾರವು ಅದರೊಳಗೆ ಹೋಯಿತು. ಬಾಗಲಕೋಟೆಯ ಹಳೆಯ ಪೇಟೆಯ ಬಹುಭಾಗವು ಹೋಯಿತು. ಎಷ್ಟೋ ಹಳ್ಳಿಗಳ ಹೊಲಮನೆ, ಗುಡಿ, ಮಸೀದಿ, ಗೋರಿ, ಗದ್ದುಗೆಗಳು ಹೋದವು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಸುತ್ತಲೂ ಗೋಡೆ ಕಟ್ಟಿ ಕಾಪಾಡಬೇಕಾಯಿತು. ಈಗ ಭಕ್ತರು ಹಿನ್ನೀರಿನ ನಡುವೆ ಬಾವಿಯಂಥ ಆ ಕಟ್ಟಡದ ಮೆಟ್ಟಿಲಿಳಿದು ದರ್ಶನ ಮಾಡುವರು. ನೀಲಮ್ಮನ ತಂಗಡಗಿಗೂ ಸಂಗಮಕ್ಕೂ ನಡುವೆ ಇರುವದು ಆ ನೀರೇ. ಇಷ್ಟು ಬೆಲೆ ಕೊಟ್ಟು ಪಡೆದ ನೀರನ್ನು ನಾವು ಹೊಲಕ್ಕೆ ಹರಿಸಿದೆವು, ವಿದ್ಯುತ್ತಿಗೆ ತಿರುಗಿಸಿದೆವು, ಕುಡಿಯಲು ತಂದೆವು. ಅದರ ಮೇಲೆ ನಿರ್ಭಯವಾಗಿ ಇರುವದನ್ನು ಮಾತ್ರ ಕಲಿಯಲಿಲ್ಲ. ಕಲಿತದ್ದನ್ನೂ ಮರೆತೆವೆಂದರೆ ಇನ್ನೂ ಸರಿಯಾದೀತು.

ಹಿಂದೆ ನಮ್ಮ ಹಳ್ಳಿಗಳಲ್ಲಿ ಈಸು ಕಲಿಸಲು ಶಾಲೆಯಿರಲಿಲ್ಲ, ಬಾವಿಯೇ ಶಾಲೆಯಾಗಿತ್ತು. ಹುಡುಗನ ಬೆನ್ನಿಗೆ ಒಣಗಿದ ಈಸುಗುಂಬಳಕಾಯಿಯನ್ನೋ ಬೆಂಡನ್ನೋ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಕಾಕನೋ ಸೋದರಮಾವನೋ ಅವನನ್ನು ಬಾವಿಗಿಳಿಸುತ್ತಿದ್ದರು. ಕೆಲ ದಿವಸಗಳಲ್ಲಿ ಹಗ್ಗವು ಸಡಿಲವಾಗುತ್ತಿತ್ತು, ಆಮೇಲೆ ಬೆಂಡು ಕಳಚುತ್ತಿತ್ತು. ಹೆಣ್ಣುಮಕ್ಕಳಿಗೆ ಆ ಪಾಠವೂ ಬಹುಮಟ್ಟಿಗೆ ಇರಲಿಲ್ಲವೆಂಬ ಕೊರತೆಯನ್ನು ಒಪ್ಪಲೇಬೇಕು. ಆಮೇಲೆ ಕೊಳವೆಬಾವಿಗಳು ಬಂದವು. ತೆರೆದ ಬಾವಿಗಳು ಬತ್ತಿದವು, ಹೂಳಿಹೋದವು, ಕಸದ ಗುಂಡಿಗಳಾದವು. ಬಾವಿಯೊಡನೆ ಶಾಲೆಯೂ ಮುಚ್ಚಿತು. ನದಿಯ ಮೇಲೆ ಸೇತುವೆಗಳಾದ ಬಳಿಕ ಹರಿಗೋಲಿನವನ ವಿದ್ಯೆಗೂ ಗಿರಾಕಿಗಳಿಲ್ಲದಾದರು. ನೀರು ಹೆಚ್ಚಿತು, ನೀರನ್ನು ಬಲ್ಲವರು ಕಡಿಮೆಯಾದರು. ನಮ್ಮ ಈಗಿನ ಸ್ಥಿತಿಯು ಇದು.

ಇದರ ಫಲವು ಪತ್ರಿಕೆಯ ಒಳಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುತ್ತಿರುವದು. ಕಾಲುವೆಯಲ್ಲಿ ಕೈಕಾಲು ತೊಳೆಯಲು ಇಳಿದ ಹುಡುಗನು ಜಾರಿದನು. ಭೀಮೆಯ ಮರಳು ತೆಗೆದ ಗುಂಡಿಯಲ್ಲಿ ಇಬ್ಬರು ಗೆಳೆಯರು ಸಿಕ್ಕಿಕೊಂಡರು. ಜಾತ್ರೆಯ ಪುಣ್ಯಸ್ನಾನಕ್ಕೆ ಬಂದವರು ಮರಳಿ ಬರಲಿಲ್ಲ. ಒಬ್ಬನನ್ನು ಉಳಿಸಲು ಹಾರಿದ ಎರಡನೆಯವನೂ, ಅವನನ್ನು ಹಿಡಿಯಹೋದ ಮೂರನೆಯವನೂ ಮುಳುಗಿದ ಸುದ್ದಿಗಳು ಅಪರೂಪವಲ್ಲ. ಜಗತ್ತಿನಲ್ಲಿ ಸನ್ 2021ರಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ದೇಶದಲ್ಲಿ ಸನ್ 2022ರ ಅಪರಾಧ ದಾಖಲೆಗಳ ರಾಷ್ಟ್ರೀಯ ಬ್ಯೂರೋದ ಲೆಕ್ಕದಂತೆ ಈ ಸಂಖ್ಯೆಯು 38 ಸಾವಿರವನ್ನು ದಾಟಿತ್ತು. ವಿಶ್ವಸಂಸ್ಥೆಯು ಸನ್ 2021ರಲ್ಲಿ ಜುಲೈ 25ನ್ನು ಮುಳುಗುಸಾವುಗಳನ್ನು ತಡೆಯುವ ದಿನವೆಂದು ಗೊತ್ತುಮಾಡಿತು. ನಮ್ಮಲ್ಲಿ ಮುಂಗಾರಿನ ನೀರು ಜಲಾಶಯಕ್ಕೆ ಏರಿಬರುವದೂ ಆ ದಿನಗಳಲ್ಲಿಯೇ. ಆದರೆ ನಮ್ಮ ಎಷ್ಟು ಶಾಲೆಗಳಲ್ಲಿ ಆ ದಿನದ ನೆನಪಾಗುವದು?

ಈ ಹಿನ್ನೆಲೆಯನ್ನು ಮನದಲ್ಲಿಟ್ಟುಕೊಂಡು ಹಲಗೆಯ ಮಾತಿಗೆ ಬರೋಣ. ಕಲಿಯಬಾರದೆನ್ನುವವರು ಸಾಮಾನ್ಯವಾಗಿ ನಾಲ್ಕು ಆಕ್ಷೇಪಗಳನ್ನು ಎತ್ತುವರು. ಅವುಗಳನ್ನು ಒಂದೊಂದಾಗಿ ಪರೀಕ್ಷಿಸುವದು ಯುಕ್ತವಾಗಿರುವದು.

ಇದು ಪರದೇಶದ ಆಟವೆಂಬುದು ಮೊದಲನೆಯ ಆಕ್ಷೇಪ. ಈ ಆಟದ ಇಂದಿನ ರೂಪವು ಶಾಂತಸಾಗರದ ಹವಾಯಿ ದ್ವೀಪಗಳಿಂದ ಬಂದಿತೆಂಬುದು ನಿಜ. ಆದರೆ ಆ ದ್ವೀಪಗಳ ಕಥೆಯನ್ನು ಸ್ವಾತಂತ್ರ್ಯದ ಬೆಲೆಯನ್ನರಿತ ನಾವು ಗೌರವದಿಂದ ಕೇಳತಕ್ಕದ್ದು. ಸನ್ 1898ರಲ್ಲಿ ಅಮೇರಿಕೆಯು ಅವುಗಳನ್ನು ತನ್ನಲ್ಲಿ ಸೇರಿಸಿಕೊಂಡಿತು. ಅದಕ್ಕೂ ಮುಂಚೆ ಅಲ್ಲಿಗೆ ಬಂದ ಪಾದ್ರಿಗಳಿಗೆ ಆ ಜನರ ತೆರೆಯಾಟವು ಮೆಚ್ಚಿಗೆಯಾಗಿರಲಿಲ್ಲ. ಹೀಗಿದ್ದೂ ಆ ಜನರು ತಮ್ಮ ನೀರಿನ ವಿದ್ಯೆಯನ್ನು ಕೈಬಿಡಲಿಲ್ಲ. ಅವರಲ್ಲಿಯೇ ಹುಟ್ಟಿದ ಡ್ಯೂಕ್ ಕಹನಮೊಕು ಎಂಬವನು ಸನ್ 1912ರಲ್ಲಿಯೂ 1920ರಲ್ಲಿಯೂ ಒಲಿಂಪಿಕ್ ಈಜಿನಲ್ಲಿ ಚಿನ್ನದ ಪದಕ ಗೆದ್ದು, ತನ್ನ ನಾಡಿನ ಹಲಗೆಯಾಟವನ್ನು ಅನ್ಯದೇಶಗಳಿಗೆ ತೋರಿಸಿದನು. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವದು ವೈಕಿಕಿಯ ದಂಡೆಯಲ್ಲಿ ಪಾಠ ಹೇಳುತ್ತಿದ್ದ ಅಲ್ಲಿಯ ತರುಣರಿಂದ ಬಂದುದು; ಈ ಶತಮಾನದ ಆರಂಭದಲ್ಲಿ ಅದು ಜಗತ್ತಿಗೆಲ್ಲ ಹಬ್ಬಿತು. ಇನ್ನು, ನಿಂತು ನೀರು ದಾಟುವದು ನಮಗೇನೂ ಹೊಸತಲ್ಲ. ತೆಪ್ಪದ ಮೇಲೆ ನಿಂತು ಗಳೆ ಹಾಕುವವನನ್ನು ಕಂಡವರು ನಮ್ಮಲ್ಲಿ ಇನ್ನೂ ಇರುವರು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಅಂಬಿಗರ ಚೌಡಯ್ಯನು ದೋಣಿಯ ಕಾಯಕದವನಾಗಿಯೇ ಹೆಸರಾದನು. ಆದುದರಿಂದ ಈ ಆಕ್ಷೇಪದಲ್ಲಿ ಹುರುಳಿಲ್ಲ.

ಇದು ಉಳ್ಳವರ ಆಟವೆಂಬುದು ಎರಡನೆಯದು. ಹಲಗೆಯನ್ನು ಕೊಂಡು ಮನೆಗೆ ತರುವದಾದರೆ ಈ ಮಾತಿನಲ್ಲಿ ಬಹಳ ಸತ್ಯವುಂಟು. ಗಾಳಿ ತುಂಬಿ ಬಳಸುವ ಹಲಗೆ, ಹುಟ್ಟು, ಗಾಳಿಯ ಪಂಪು, ಜಾಕೆಟ್ಟು ಇವುಗಳಿಗೆಲ್ಲ ಹಣವೆಣಿಸಿ, ಎರಡು ಸಲ ಬಳಸಿ, ಅಟ್ಟಕ್ಕೇರಿಸಿದವರ ಸಂಖ್ಯೆಯು ಎಲ್ಲ ದೇಶಗಳಲ್ಲಿಯೂ ಸಣ್ಣದಲ್ಲ. ಮೊದಲ ಪಾಠಕ್ಕೆ ಇದಾವುದೂ ಬೇಕಿಲ್ಲ. ಕಲಿಸುವವರು ಸಾಮಗ್ರಿಯನ್ನು ತಾವೇ ಕೊಡುವರು. ಪ್ರವಾಸಕ್ಕೆ ಹೇಗೂ ಹೋದ ಕುಟುಂಬಕ್ಕೆ ಒಂದು ಪಾಠದ ವೆಚ್ಚವು ದೊಡ್ಡ ಹೊರೆಯಾಗಲಾರದು. ಹಾಗೆ ಹೊರೆಯೆನಿಸುವವರು ಆ ಹಣವನ್ನು ಮಕ್ಕಳಿಗೆ ಈಸು ಕಲಿಸುವದಕ್ಕೆ ತೆಗೆದಿಡಲಿ. ಇವೆರಡರಲ್ಲಿ ಒಂದನ್ನೇ ಆರಿಸಬೇಕಾದಾಗ ಈಸೇ ಮೇಲೆಂದು ನಾವು ಸಂಶಯವಿಲ್ಲದೆ ಹೇಳುವೆವು.

ವಯಸ್ಸು ಮತ್ತು ಮರ್ಯಾದೆ ಮೂರನೆಯ ಆಕ್ಷೇಪ. ಬಾಯಿಂದ ಹೊರಬರದಿದ್ದರೂ ಕಚೇರಿಯ ಗೃಹಸ್ಥರನ್ನು ಹೆಚ್ಚಾಗಿ ತಡೆಯುವದು ಇದೇ. ನಾಲ್ವತ್ತು ದಾಟಿದವನು, ನಾಲ್ಕು ಜನರಿಗೆ ಆಜ್ಞೆ ಮಾಡುವವನು, ಹೆಂಡತಿಮಕ್ಕಳ ಮುಂದೆ ತೊಯ್ದ ಬಟ್ಟೆಯಲ್ಲಿ ನೀರಿಗೆ ಬೀಳುವದೆಂದರೇನು? ನಮ್ಮ ಉತ್ತರವು ಸರಳವಾದುದು. ಬೀಳದೆ ಈ ವಿದ್ಯೆಯನ್ನು ಕಲಿತವರಿಲ್ಲ. ನಮ್ಮ ಜಿಲ್ಹೆಯ ಹೆಸರನ್ನು ದೇಶದಲ್ಲೆಲ್ಲ ಮೆರೆಸಿದ ಸೈಕಲ್ ಪಟುಗಳೂ ಮೊದಲು ಮೊಣಕಾಲು ತರಚಿಕೊಂಡೇ ಕಲಿತಿರಬೇಕು. ನೀರಿಗೆ ಬಿದ್ದರೆ ಮೊಣಕಾಲೂ ತರಚುವದಿಲ್ಲ. ಮತ್ತೊಂದು ಮಾತನ್ನು ತಂದೆತಾಯಿಗಳು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ತಾನು ಕಲಿಯಲು ನಾಚುವ ತಂದೆಯು ಮಗನಿಗೆ ಕಲಿಯಲು ಹೇಳಿದರೆ ಅದು ಉಪದೇಶವಾಗಿಯೇ ಉಳಿಯುವದು. ತಾಯಿಯು ದಂಡೆಯ ಮೇಲೆ ಚಪ್ಪಲಿ ಕಾಯುತ್ತ ಕುಳಿತರೆ ಮಗಳೂ ಅಲ್ಲಿಯೇ ಕೂಡ್ರುವಳು. ದೊಡ್ಡವರು ಮಕ್ಕಳ ಮುಂದೆ ಹೊಸದೊಂದನ್ನು ತಪ್ಪುತ್ತ ಕಲಿಯುವದು ಮರ್ಯಾದೆಗೆ ಕುಂದಲ್ಲ. ಪರೀಕ್ಷೆಯ ಅಂಕಗಳಿಗಾಗಿ ಹಗಲಿರುಳು ಗದರಿಸಿಕೊಳ್ಳುವ ನಮ್ಮ ಮಕ್ಕಳಿಗೆ ಇಂಥ ಪಾಠವು ಬೇರೆಡೆಯಲ್ಲಿ ಸುಲಭವಾಗಿ ದೊರೆಯದು.

ಅಪಾಯವೆಂಬುದು ನಾಲ್ಕನೆಯ ಆಕ್ಷೇಪ. ಇದೊಂದೇ ನಿಜವಾದ ಆಕ್ಷೇಪವಾಗಿರುವದು. ಇದನ್ನು ಹಗುರಾಗಿ ತಳ್ಳಿಹಾಕುವವನು ಕಲಿಸಲೂ ಕಲಿಯಲೂ ತಕ್ಕವನಲ್ಲ. ಹಲಗೆಯಾಟದಲ್ಲಿ ಬೀಳುವದಕ್ಕಿಂತ ಗಾಳಿಯ ಅಪಾಯವು ಹೆಚ್ಚಿನದು. ನಿಂತ ಮನುಷ್ಯನ ಮೈಯೇ ಹಾಯಿಯಾಗುವದು. ದಂಡೆಯಿಂದ ನೀರಿನ ಕಡೆಗೆ ಬೀಸುವ ಗಾಳಿಯಲ್ಲಿ ಹೋಗುವಾಗ ಸುಖವಾಗಿರುವದು, ನೀರೂ ಸಮತಟ್ಟಾಗಿ ಕಾಣುವದು. ತಿರುಗಿ ಬರುವಾಗ ತೋಳಿನ ಶಕ್ತಿ ಸಾಲದೆ ಹೊಸಬನು ದೂರ ದೂರಕ್ಕೆ ಸರಿದುಹೋಗುವನು. ಇದಲ್ಲದೆ ಬಿದ್ದವನು ಹಲಗೆಯನ್ನು ಕಳೆದುಕೊಂಡರೆ ಗಾಳಿಯು ಅದನ್ನು ಅವನ ಈಜಿಗಿಂತ ವೇಗವಾಗಿ ಒಯ್ಯುವದು. ಇಂಥ ಅಪಾಯಗಳಿಗೆಲ್ಲ ಪರಿಹಾರವುಂಟು. ಆದರೆ ಆ ಪರಿಹಾರವು ತಾನಾಗಿ ಹೊಳೆಯುವಂಥದಲ್ಲ, ಕಲಿತು ತಿಳಿಯಬೇಕಾದುದು. ಆದುದರಿಂದಲೇ 'ಪಾಠವೇಕೆ, ನೋಡಿದರೆ ಬರುವದು' ಎನ್ನುವವರ ಮಾತಿಗೆ ನಾವು ಒಪ್ಪುವದಿಲ್ಲ.

ಹೀಗಾದರೆ ನಮ್ಮ ನಿರ್ಣಯವೇನು? ಕಲಿಯಬೇಕು, ಆದರೆ ಕ್ರಮದಿಂದ ಕಲಿಯಬೇಕು. ಆ ಕ್ರಮವನ್ನು ಸ್ಪಷ್ಟವಾಗಿ ಹೇಳುವದು ಅವಶ್ಯವಾಗಿರುವದು.

ಮೊದಲು ಈಸು. ಜಾಕೆಟ್ ತೊಟ್ಟರೆ ಈಸು ಬಾರದವನೂ ಮೊಳಕಾಲಾಳದ ನೀರಿನಲ್ಲಿ ಗುರುವಿನ ಬದಿಯಲ್ಲಿ ಹಲಗೆಯೇರಬಹುದೆಂಬುದು ನಿಜ. ಅನೇಕ ಕಡೆಗಳಲ್ಲಿ ಹಾಗೆ ಏರಿಸುವರು. ಆದರೂ ನೀರು ಮೂಗಿಗೇರಿದೊಡನೆ ಗಾಬರಿಯಾಗುವವನಿಗೆ ಜಾಕೆಟ್ಟು ತೇಲಿಸೀತೇ ಹೊರತು ಧೈರ್ಯ ಕೊಡದು. ಮುಖವನ್ನು ನೀರಿನಲ್ಲಿಟ್ಟು ಉಸಿರು ಬಿಡುವದು, ಅಂಗಾತ ತೇಲುವದು, ಇಪ್ಪತ್ತೈದು ಮೀಟರು ಹೇಗಾದರೂ ಸಾಗುವದು, ಇಷ್ಟಾದರೂ ಬಂದ ಬಳಿಕ ಹಲಗೆಯ ಪಾಠವು ಭಯವಾಗಿ ಉಳಿಯದೆ ಆಟವಾಗುವದು. ಪ್ರವಾಸಕ್ಕೆ ಆರು ತಿಂಗಳಿದ್ದರೆ ಈ ಕೆಲಸವನ್ನು ಇಂದೇ ಆರಂಭಿಸಲು ಸಾಕಷ್ಟು ಸಮಯವಿದೆ.

ಎರಡನೆಯದಾಗಿ, ಸ್ಥಳ. ಇಲ್ಲಿ ನಾವು ಬಿಡಿಸಿಯೇ ಹೇಳಬಯಸುವೆವು: ಮೊದಲ ಪ್ರಯತ್ನವನ್ನು ಯಾರೂ ನಮ್ಮ ಕೃಷ್ಣೆಯಲ್ಲಿಯೂ ಭೀಮೆಯಲ್ಲಿಯೂ ಕಾಲುವೆಯಲ್ಲಿಯೂ ಮಾಡತಕ್ಕದ್ದಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿರುವವು. ಹಿನ್ನೀರಿನ ತಳದಲ್ಲಿ ಮುಳುಗಿದ ಊರುಗಳ ಗೋಡೆಗಳೂ ಗಿಡದ ಮೋಟುಗಳೂ ಇರುವವು, ಮೇಲೆ ಮೀನುಬಲೆಗಳು ಹರಡಿರುವವು. ನೀರಿಳಿದ ಕಾಲದಲ್ಲಿ ದಂಡೆಯ ಎರೆಮಣ್ಣು ಮೊಣಕಾಲವರೆಗೆ ಹೂಳುವ ಕೆಸರಾಗುವದು. ಮುಂಗಾರಿನ ಗಾಳಿಯು ಆ ಬಯಲು ನೀರಿನ ಮೇಲೆ ತಡೆಯಿಲ್ಲದೆ ಬೀಸುವದು. ಆಣೆಕಟ್ಟಿನ ಕೆಳಗೆ ಗೇಟುಗಳನ್ನು ತೆರೆದಾಗ ಹೊಳೆಯು ನೋಡನೋಡುತ್ತ ಏರುವದು. ಸನ್ 2020ರ ಅಕ್ಟೋಬರದಲ್ಲಿ ಮೇಲಿನಿಂದ ಬಂದ ನೀರಿಗೆ ಭೀಮೆಯು ಉಕ್ಕಿ ಇಂಡಿ ಸಿಂದಗಿಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಕಾಲುವೆಯಂತೂ ಶಾಂತವಾಗಿ ಕಂಡರೂ ಎಲ್ಲಕ್ಕಿಂತ ಮೋಸದ್ದು. ಅದರ ಸಿಮೆಂಟಿನ ಇಳಿಜಾರು ಪಾಚಿಗಟ್ಟಿದಾಗ, ಬಿದ್ದವನು ಈಸು ಬಲ್ಲವನಾದರೂ ಮೇಲೆ ಹತ್ತಲಾರನು.

ಕಲಿಯಲು ತಕ್ಕ ನೀರು ಕರಾವಳಿಯ ಹೊಳೆಗಳಲ್ಲಿ ಉಂಟು. ಮೂಲ್ಕಿಯ ಬಳಿ ಶಾಂಭವಿ ನದಿಯು ಸಮುದ್ರ ಸೇರುವ ಮೊದಲು ನಿಧಾನವಾಗಿ, ಅಗಲವಾಗಿ ಹರಿಯುವದು; ಅಲ್ಲಿ ಹಲಗೆಯ ಪಾಠ ಹೇಳುವವರು ಹಲವು ವರುಷಗಳಿಂದ ಇರುವರು. ಹತ್ತಿರದ ಸಸಿಹಿತ್ಲಿನಲ್ಲಿ, ನಂದಿನಿ ಶಾಂಭವಿಗಳು ಕೂಡಿ ಕಡಲಿಗೆ ಸೇರುವೆಡೆಯಲ್ಲಿ, ಸನ್ 2024ರ ಮಾರ್ಚಿನಲ್ಲಿ 'ಇಂಡಿಯಾ ಪ್ಯಾಡಲ್ ಫೆಸ್ಟಿವಲ್' ಎಂಬ ಅಂತರರಾಷ್ಟ್ರೀಯ ಪಂದ್ಯವು ನಡೆಯಿತು. ನಮ್ಮಿಂದ ಅದು ಸುಮಾರು ಐನೂರು ಕಿಲೋಮೀಟರು ದೂರವಾದರೂ ವಿಜಯಪುರದಿಂದ ಮಂಗಳೂರಿಗೆ ರೈಲಿರುವದರಿಂದ ಹೋಗಲು ಅಸಾಧ್ಯವೇನಲ್ಲ. ಜೂನಿನಿಂದ ಸೆಪ್ಟೆಂಬರದವರೆಗಿನ ಮಳೆಗಾಲವನ್ನು ಬಿಟ್ಟು, ಬೆಳಗಿನ ಗಾಳಿಯಿಲ್ಲದ ಹೊತ್ತನ್ನು ಆರಿಸಿಕೊಳ್ಳಬೇಕು. ತೆರೆಗಳ ಮೇಲೆ ಆಡುವವರನ್ನು ನೋಡಿ ಮೊದಲ ದಿವಸವೇ ಸಮುದ್ರಕ್ಕೆ ಇಳಿಯುವ ಹಟ ಬೇಡ. ಹೊಳೆಯ ನಿಂತ ನೀರೇ ಮೊದಲಿಗರ ತರಗತಿ.

ಮೂರನೆಯದಾಗಿ, ಗುರುವಿನ ಪರೀಕ್ಷೆ. ಹಣ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಲು ನಮ್ಮವರು ಸಂಕೋಚಪಡಬಾರದು. ಜಾಕೆಟ್ಟನ್ನು ಪ್ರತಿಯೊಬ್ಬರಿಗೂ ಅವರವರ ಅಳತೆಯಂತೆ ಕೊಡುವಿರೋ? ಹಲಗೆಯನ್ನೂ ಕಾಲನ್ನೂ ಜೋಡಿಸುವ, ಲೀಶ್ ಎಂದು ಕರೆಯಲ್ಪಡುವ ಹಗ್ಗವನ್ನು ಕಟ್ಟುವಿರೋ? ಒಬ್ಬ ಗುರುವಿನ ಕೈಯಲ್ಲಿ ಎಷ್ಟು ಜನ? ಗಾಳಿ ಎದ್ದರೆ ಪಾಠವನ್ನು ನಿಲ್ಲಿಸುವಿರೋ? ಈ ಕೊನೆಯ ಪ್ರಶ್ನೆಗೆ 'ಏನೂ ಆಗುವದಿಲ್ಲ, ಬನ್ನಿರಿ' ಎಂದು ಉತ್ತರ ಬಂದರೆ ಅಲ್ಲಿಂದ ಎದ್ದುಬರುವದೇ ಲೇಸು. ಹರಿಯುವ ನೀರಿನಲ್ಲಿ ಕಾಲಿಗೆ ಕಟ್ಟಿದ ಹಗ್ಗವು ಗಿಡಗಂಟಿಗಳಿಗೆ ಸಿಕ್ಕಿ ಪ್ರಾಣಕ್ಕೆ ಎರವಾಗಬಹುದಾದ್ದರಿಂದ ಅಂಥಲ್ಲಿ ನಡುವಿಗೆ ಕಟ್ಟಿ ಒಮ್ಮೆಲೇ ಕಳಚಬಲ್ಲ ಹಗ್ಗವನ್ನು ಬಳಸುವರು. ಈ ಭೇದವನ್ನು ಬಲ್ಲವನು ಬಲ್ಲ ಗುರು.

ಪಾಠದ ಸ್ವರೂಪವನ್ನೂ ಸಂಕ್ಷೇಪವಾಗಿ ಹೇಳುವೆವು. ಏಕೆಂದರೆ ಅರಿಯದ ಸಂಗತಿಗೆ ಅಂಜಿಕೆ ಹೆಚ್ಚು. ಹೊಸಬರ ಹಲಗೆಯು ಹತ್ತು ಹನ್ನೊಂದು ಅಡಿ ಉದ್ದ, ಮೂವತ್ತೆರಡು ಇಂಚು ಅಥವಾ ತುಸು ಹೆಚ್ಚು ಅಗಲವಿರುವದು. ಅಗಲವಾದಷ್ಟು ಅಲುಗಾಟ ಕಡಿಮೆ. ಹುಟ್ಟು ತನ್ನ ಎತ್ತರಕ್ಕಿಂತ ಗೇಣಿನಷ್ಟು ಉದ್ದವಿರಬೇಕು. ಅದರ ಎಲೆಯ ಬಾಗು ಮುಂದಕ್ಕೆ ಇರಬೇಕು. ಇದನ್ನು ಹಿಂದುಮುಂದಾಗಿ ಹಿಡಿಯುವದು ಹೊಸಬರೆಲ್ಲರೂ ಮಾಡುವ ತಪ್ಪು. ಮೊದಲು ದಂಡೆಯ ಮೇಲೆ ಅಭ್ಯಾಸ, ಆಮೇಲೆ ನೀರಿನಲ್ಲಿ ಮೊಣಕಾಲೂರಿ ಹುಟ್ಟು ಹಾಕುವದು, ಅದು ಕೈಗೆ ಹತ್ತಿದ ಬಳಿಕ ಒಂದೊಂದೇ ಪಾದವನ್ನು ಎತ್ತಿಟ್ಟು ಹಲಗೆಯ ನಟ್ಟನಡುವೆ ಏಳುವದು. ಪಾದಗಳೆರಡೂ ಭುಜದಗಲ ದೂರವಾಗಿ ಮುಂದಕ್ಕೆ ಮುಖಮಾಡಿರಬೇಕು, ಮೊಣಕಾಲು ತುಸು ಸಡಿಲವಾಗಿರಬೇಕು, ದೃಷ್ಟಿಯು ಎದುರಿನ ದಂಡೆಯ ಮೇಲಿರಬೇಕು. ತನ್ನ ಪಾದಗಳನ್ನೇ ನೋಡುವವನು ಬೇಗ ಬೀಳುವನು. ನಿಂತುಬಿಟ್ಟರೆ ಕೆಡುವದು, ಹುಟ್ಟು ಹಾಕುತ್ತಿದ್ದರೆ ಸ್ಥಿರ. ಈ ವಿಷಯದಲ್ಲಿ ಇದು ಸೈಕಲ್ಲಿನ ಸೋದರ. ಬೀಳುವಾಗ ಹಲಗೆಯಿಂದ ದೂರಕ್ಕೆ, ಬದಿಗೆ, ಮೈಹರಡಿ ಬೀಳಬೇಕು. ತಲೆಕೆಳಗಾಗಿ ಎಂದಿಗೂ ಹಾರಬಾರದು. ಬಿದ್ದ ಬಳಿಕ ಹಲಗೆಯ ನಡುಭಾಗಕ್ಕೆ ಬಂದು, ಹಿಡಿಕೆಯನ್ನು ಹಿಡಿದು, ಕಾಲುಗಳನ್ನು ಒದೆಯುತ್ತ ಎದೆಯ ಮೇಲೆ ಏರಬೇಕು. ನಿಲ್ಲುವದಕ್ಕಿಂತ ಮೊದಲು ಈ ಮರಳಿ ಏರುವ ಕ್ರಮವನ್ನು ಕಲಿಸುವವನೇ ನಿಜವಾದ ಶಿಕ್ಷಕನು. ಹೊರಡುವಾಗ ಗಾಳಿಗೆದುರಾಗಿ ಹೋಗಿ, ಬರುವಾಗ ಗಾಳಿಯೊಡನೆ ಬರುವದು ಎಲ್ಲ ಪಾಠಗಳ ಸಾರ.

ಎಲ್ಲರಿಗೂ ಇದು ಹಿತವೆಂದು ನಾವು ಹೇಳುವದಿಲ್ಲ. ಮೂರ್ಛೆರೋಗವಿದ್ದವರು, ಹೃದಯದ ತೊಂದರೆಯವರು, ಮೇಲಿಂದ ಮೇಲೆ ತಲೆಸುತ್ತು ಬರುವವರು, ಭುಜದ ಕೀಲು ಜಾರಿದವರು ವೈದ್ಯರನ್ನು ಕೇಳದೆ ಹಲಗೆಯೇರಬಾರದು. ಮದ್ಯ ಸೇವಿಸಿದವನು ನೀರಿನ ಹತ್ತಿರವೂ ಸುಳಿಯಬಾರದು. ಈ ವರುಷ ಮನಸ್ಸಿಲ್ಲದವನನ್ನು ಗೆಳೆಯರು ಹಾಸ್ಯ ಮಾಡಿ ಎಳೆಯಬಾರದು. ಬಲವಂತದಿಂದ ನೀರಿಗಿಳಿದವನು ಜೀವಮಾನವೆಲ್ಲ ನೀರನ್ನು ದ್ವೇಷಿಸುವನು. ಹಲಗೆಯ ಮೇಲೆ ಕುಳಿತೇ ಒಂದು ತಾಸು ಕಳೆದು ಮರಳಿದರೂ ಆ ಪಾಠವು ವ್ಯರ್ಥವಾಗಲಿಲ್ಲವೆಂದು ತಿಳಿಯತಕ್ಕದ್ದು.

ಇನ್ನು, ಅಧಿಕಾರಿಗಳಾದ ವಾಚಕರಿಗೆ ಒಂದು ವಿಜ್ಞಾಪನೆ. ತಾವು ಕರಾವಳಿಗೆ ಹೋಗಿ ಕಲಿತು ಬರಬಲ್ಲಿರಿ. ನಿಡಗುಂದಿಯ ಮೀನುಗಾರನ ಮಗಳೂ ಇಂಡಿಯ ಲಿಂಬೆತೋಟದ ಕೂಲಿಯ ಮಗನೂ ಎಲ್ಲಿಗೆ ಹೋಗಬೇಕು? ಅವರಿಗೆ ಹಲಗೆಯಾಟವು ಸಿಗದಿದ್ದರೆ ಕೊರಗಬೇಕಾದುದಿಲ್ಲ. ಈಸು ಸಿಗದಿದ್ದರೆ ಅದು ನಮ್ಮೆಲ್ಲರ ತಪ್ಪಾಗುವದು. ಪ್ರತಿ ತಾಲೂಕಿನ ಕೇಂದ್ರದಲ್ಲಿ ಎದೆಮಟ್ಟದ ಆಳವುಳ್ಳ ಸ್ವಚ್ಛವಾದ ಕೊಳವೊಂದು, ಅದನ್ನು ಕಾಯುವ ತರಬೇತಿ ಪಡೆದ ಜೀವರಕ್ಷಕರು, ಹುಡುಗಿಯರಿಗೆ ಬೇರೆ ವೇಳೆ ಮತ್ತು ಹೆಂಗಸು ಶಿಕ್ಷಕಿ, ಇಷ್ಟು ಕೇಳಿದರೆ ಅತಿಯಾಸೆಯೆನಿಸದು. ಜೀವರಕ್ಷಕರಿಗೆ ತರಬೇತಿ ಕೊಡುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯು ನಮ್ಮ ನೆರೆಯ ಗೋವೆಯಲ್ಲಿಯೇ ಇದೆ. ನಮ್ಮ ರಾಜ್ಯದಲ್ಲಿ ಸಾಹಸಶಿಕ್ಷಣಕ್ಕೆಂದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಕೃಷ್ಣೆಯ ದಂಡೆಯ ಅಂಬಿಗರನ್ನೂ ಮೀನುಗಾರರನ್ನೂ ಇಂಥ ತರಬೇತಿಗೆ ಕಳುಹಿ, ಸಂಬಳ ಕೊಟ್ಟು, ಗೌರವದಿಂದ ಗುರುಗಳನ್ನಾಗಿ ಮಾಡಿಕೊಂಡರೆ, ಸೇತುವೆಗಳಿಂದ ಕೆಲಸ ಕಳೆದುಕೊಂಡ ಒಂದು ವಿದ್ಯೆಗೆ ಮರುಜನ್ಮವಾದೀತು. ಕಾಲುವೆಗಳ ಬದಿಗೆ ಅಲ್ಲಲ್ಲಿ ಮೆಟ್ಟಿಲು ಮತ್ತು ಹಿಡಿಸರಪಳಿಗಳನ್ನು ಹಾಕಿಸುವದಕ್ಕೆ ದೊಡ್ಡ ಯೋಜನೆಯ ಅವಶ್ಯಕತೆಯಿಲ್ಲ. ಶಾಲೆಯ ಮಕ್ಕಳಿಗೆ ಮುಳುಗುವವನ ಮೇಲೆ ಹಾರಬಾರದು, ಹಗ್ಗ, ಸೀರೆ, ಉದ್ದ ಗಳೆ ಇವುಗಳನ್ನು ಚಾಚಬೇಕು, ಬಾಯಿ ಮುಚ್ಚಿದ ಖಾಲಿ ಕ್ಯಾನನ್ನು ಎಸೆಯಬೇಕು ಎಂದು ಹೇಳಿಕೊಡಲಂತೂ ಖರ್ಚೇ ಇಲ್ಲ.

ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ಸನ್ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿತು. ಅದು ಎಂದು ಕೈಗೂಡುವದೆಂಬುದು ಬೇರೆ ಮಾತು. ಕೈಗೂಡಿದ ದಿವಸ ನೀರು ನಮ್ಮ ಬಾಗಿಲುಗಳಿಗೆ ಇನ್ನಷ್ಟು ಹತ್ತಿರ ಬರುವದು ಮಾತ್ರ ನಿಶ್ಚಯ. ನೀರಿನ ಹಕ್ಕಿಗಾಗಿ ಹೋರಾಡಿದ ಜನರು ನೀರಿನ ವಿದ್ಯೆಯಲ್ಲಿ ಹಿಂದುಳಿಯುವದು ಶೋಭಿಸುವ ಮಾತಲ್ಲ.

ಆದುದರಿಂದ 'ಮುಂದಿನ ವರುಷ ನೋಡೋಣ' ಎನ್ನುವ ಗೃಹಸ್ಥರಿಗೆ ನಮ್ಮ ಸಲಹೆಯು ಇಷ್ಟು. ಈ ವರುಷ ಈಸು ಕಲಿಯಿರಿ, ಮಗಳಿಗೂ ಮಗನಿಗೂ ಸರಿಸಮನಾಗಿ ಕಲಿಸಿರಿ. ರಜೆಯಲ್ಲಿ ಕರಾವಳಿಗೆ ಹೋದಾಗ ಬಲ್ಲ ಗುರುವನ್ನು ಹುಡುಕಿ, ಜಾಕೆಟ್ ತೊಟ್ಟು, ಹೊಳೆಯ ಶಾಂತವಾದ ನೀರಿನಲ್ಲಿ ಒಂದು ಪಾಠ ತೆಗೆದುಕೊಳ್ಳಿರಿ. ಹಲಗೆಯನ್ನು ಕೊಳ್ಳಬೇಕೋ ಬೇಡವೋ ಎಂಬುದನ್ನು ಮೂರು ಪಾಠಗಳಾದ ಬಳಿಕ ವಿಚಾರಿಸಬಹುದು. ಊರಿಗೆ ಮರಳಿದ ಮೇಲೆ ನಿಮ್ಮ ತಾಲೂಕಿನ ಮಕ್ಕಳಿಗೊಂದು ಈಸುಕೊಳ ಬೇಕೆಂದು ಅರ್ಜಿ ಬರೆಯಿರಿ. ತಾವೇ ಅರ್ಜಿ ಸ್ವೀಕರಿಸುವ ಸ್ಥಾನದಲ್ಲಿದ್ದರೆ ಅದಕ್ಕೆ ಮಂಜೂರಾತಿ ಬರೆಯಿರಿ.